ಜಾಜ್ ಬಗ್ಗೆ ಬರೆಯುವಾಗ ಇಂಪ್ರೊವೈಸೇಶನ್‌ಗೆ ಏನನ್ನೋಣ?

ಗೆಳೆಯರೆ, ನಮಸ್ಕಾರ.

ಜಾಜ್ ಸುದ್ದಿಗಳನ್ನು ಕನ್ನಡದಲ್ಲಿ ಬರೆಯುವಾಗ ಪ್ರತಿ ಸಲ ಇದೇ ಪದದಲ್ಲಿ ಸಿಕ್ಕಿಕೊಳ್ಳುತ್ತೇನೆ: ಇಂಪ್ರೊವೈಸೇಶನ್, ಅಂದರೆ ನುಡಿಸುತ್ತಲೇ ಅಲ್ಲೇ ಹೊಸದನ್ನು ಹುಟ್ಟಿಸುವುದು. 2024ರ ಡಿಸೆಂಬರ್‌ನಲ್ಲಿ ಜಾಕಿರ್ ಹುಸೇನ್ ತೀರಿಕೊಂಡಾಗ, ಜಾಜ್ ಮತ್ತು ಭಾರತೀಯ ಸಂಗೀತ ಬೆರೆಸಿದ ‘ಶಕ್ತಿ’ ತಂಡದಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಜೊತೆ ಅವರು ನುಡಿಸಿದ್ದರ ಬಗ್ಗೆ ಬರೆಯಲು ಕೂತಾಗಲೂ ಹೀಗೇ ಆಯಿತು.

‘ಆಲಾಪನೆ’ ಒಪ್ಪುವುದಿಲ್ಲ. ಆಲಾಪನೆಗೆ ತಾಳದ ಹಂಗಿಲ್ಲ. ಜಾಜ್ ಸೋಲೊಗೆ (ತಂಡದಲ್ಲಿ ಒಬ್ಬರೇ ಮುಂದಾಗಿ ನುಡಿಸುವ ಸರದಿಗೆ) ಸಾಮಾನ್ಯವಾಗಿ ತಾಳವೂ ಇದೆ, ಲೆಕ್ಕವೂ ಇದೆ. ಮೈಲ್ಸ್ ಡೇವಿಸ್ 1959ರಲ್ಲಿ ಹೊರತಂದ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಮೊದಲ ತುಣುಕು ‘ಸೋ ವಾಟ್’ ಕೇಳಿ. ನಾಲ್ಕು ನಾಲ್ಕು ಎಣಿಕೆಯ 32 ಬಾರ್ ಸೇರಿ ಒಂದು ಸುತ್ತು. ಮೊದಲ 16 ಬಾರ್‌ಗೆ ಒಂದೇ ಸ್ವರಗುಂಪು. ನಮ್ಮ ಲೆಕ್ಕದಲ್ಲಿ ಅವು ಖರಹರಪ್ರಿಯ ರಾಗದ ಸ್ವರಗಳೇ! ಆಮೇಲೆ 8 ಬಾರ್ ಇಡೀ ಗುಂಪು ಒಂದು ಸ್ವರಸ್ಥಾನ ಮೇಲೇರುತ್ತದೆ. ಕೊನೆಯ 8ಕ್ಕೆ ಮತ್ತೆ ಕೆಳಗಿಳಿಯುತ್ತದೆ. ಡೇವಿಸ್ ಟ್ರಂಪೆಟ್ಟಿನಲ್ಲಿ, ಕೋಲ್ಟ್ರೇನ್ ಸ್ಯಾಕ್ಸೊಫೋನಿನಲ್ಲಿ ಏನೇ ಹೊಸದು ಹುಟ್ಟಿಸಿದರೂ ಈ ಸುತ್ತು ತಪ್ಪುವಂತಿಲ್ಲ. ಬೆರಳಲ್ಲಿ ಎಣಿಸುತ್ತಾ ಕೇಳಿದರೆ ಏರುವ ಜಾಗ ಸ್ಪಷ್ಟವಾಗಿ ಸಿಗುತ್ತದೆ.

ಹಾಗಾದರೆ ನೆರವಲ್? ಅಲ್ಲಿ ಸಾಹಿತ್ಯದ ಸಾಲು ಉಳಿಯುತ್ತದೆ, ಸಂಗತಿ (ಅದನ್ನು ಹಾಡುವ ಧಾಟಿ) ಬದಲಾಗುತ್ತದೆ. ಜಾಜ್‌ನಲ್ಲಿ ಎಷ್ಟೋ ಸಲ ಮೂಲ ಧಾಟಿಯೇ ಮರೆಯಾಗಿ ಚೌಕಟ್ಟು ಮಾತ್ರ ಉಳಿಯುತ್ತದೆ. ಕಲ್ಪನಾಸ್ವರ ಇನ್ನೂ ಹತ್ತಿರ. ತಾಳದೊಳಗೇ ಬೆಳೆಸಬೇಕು, ಎಡುಪ್ಪಿಗೆ (ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ) ಬಂದು ಸೇರಬೇಕು. ಆದರೆ ಆ ಪದ ಓದಿದ ಕೂಡಲೇ ಸರಿಗಮ ಕಿವಿಗೆ ಬರುತ್ತದೆ, ಅಲ್ವಾ?

ಕಛೇರಿ ಕೇಳುವವರು ‘ಮನೋಧರ್ಮ’ ಅನ್ನುತ್ತಾರೆ. ಅರ್ಥದಲ್ಲಿ ಇದಕ್ಕಿಂತ ಒಳ್ಳೆಯ ಪದ ನನಗೆ ಕಂಡಿಲ್ಲ. ತೊಂದರೆ ಇರುವುದು ಬಳಕೆಯಲ್ಲಿ. ‘ಪಿಯಾನೊ ನುಡಿಸಿದವರ ಮನೋಧರ್ಮ ತುಂಬ ಚೆನ್ನಾಗಿತ್ತು’ ಎಂದು ಬರೆದರೆ ಅವರ ಸ್ವಭಾವ ಒಳ್ಳೆಯದು ಅಂತಲೇ ಜಾಸ್ತಿ ಜನ ಓದಿಕೊಳ್ಳುತ್ತಾರೆ.

ನನ್ನ ಮನಸ್ಸು ವಾಲುತ್ತಿರುವುದು ‘ಆಶು’ ಕಡೆಗೆ. ಆಶುಕವಿ, ಆಶುಭಾಷಣ ಎಲ್ಲರಿಗೂ ಗೊತ್ತು. ಅವಧಾನದಲ್ಲಿ ಪದ್ಯ ಅಲ್ಲೇ ಹುಟ್ಟುತ್ತದೆ, ಆದರೂ ಛಂದಸ್ಸು ಬಿಡುವಂತಿಲ್ಲ. ಹೀಗಾಗಿ ‘ಆಶುವಾದನ’, ‘ಆಶುಗಾಯನ’ ಎಂದರೆ ಸ್ವಾತಂತ್ರ್ಯ, ಕಟ್ಟು ಎರಡೂ ಬಂದವು. ಕ್ರಿಯಾಪದ ಮಾತ್ರ ಇನ್ನೂ ಸಿಕ್ಕಿಲ್ಲ. ‘ಆಶುವಾದನ ಮಾಡಿದರು’ ಬಹಳ ಬಿಗಿಯಾಗಿದೆ. ರಾಗ ಬೆಳೆಸಿದರು ಅನ್ನುತ್ತೇವಲ್ಲ, ಹಾಗೆ ‘ಮೂರು ಸುತ್ತು ಬೆಳೆಸಿದರು’ ಅನ್ನಬಹುದೇ? ನನ್ನ ಕಿವಿಗೆ ಇದು ಒಗ್ಗುತ್ತದೆ.

ಇನ್ನೊಂದು ವಿಷಯ. ಜಾಜ್‌ಗೂ ನಮ್ಮ ಸಂಗೀತಕ್ಕೂ ಇಂಥ ಮಾತುಕತೆ ಬೆಂಗಳೂರಿಗೆ ಹೊಸದಲ್ಲ. ಮೃದಂಗದ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಆರ್.ಎ. ರಮಾಮಣಿ ಅವರ ಹಾಡುಗಾರಿಕೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿ 1983ರಲ್ಲಿ ‘ಜ್ಯೋತಿ’ ಆಲ್ಬಮ್ ಬಂದಿತ್ತು. ಆ ಬಳಗದಲ್ಲಿ ಕಲಿತವರು ಈ ಮೇಲಿಂಗ್ ಪಟ್ಟಿಯಲ್ಲಿ ಯಾರಾದರೂ ಇದ್ದೀರಾ? ಅಭ್ಯಾಸದ ವೇಳೆ ಕನ್ನಡದಲ್ಲಿ ‘ಈಗ ನೀವು ಸೋಲೊ ತಗೊಳ್ಳಿ’ ಅನ್ನಲು ಏನು ಹೇಳುತ್ತಿದ್ದಿರಿ? ಮಂಗಳೂರು ಕಡೆ ಮದುವೆಗಳಲ್ಲಿ ಸ್ಯಾಕ್ಸೊಫೋನ್ ಊದುವವರ ಮಾತು ಗೊತ್ತಿದ್ದವರೂ ದಯವಿಟ್ಟು ಬರೆಯಿರಿ. ಪದಕೋಶದಲ್ಲಿ ಇಲ್ಲದ ಪದವಾದರೂ ನಡೆಯುತ್ತದೆ.