ಬಿಳಿ ಕಲ್ಲು ಹಾಸಿದ ಕೈತೋಟ: ಕಳೆ ನಿಲ್ಲುತ್ತಿಲ್ಲ, ಇಕ್ಸೋರಾ ಹಳದಿ, ಡ್ರಿಪ್ ನೀರು ಕೊನೆಗೆ ಮುಟ್ಟುತ್ತಿಲ್ಲ

ಸಂಜೆನೆರಳು:

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ಆರಾಮಾಗಿ ಕೂರಲೆಂದು ಮಾಡಿದ ತೋಟ. 9 ಮೀಟರ್ ಉದ್ದ, 6 ಮೀಟರ್ ಅಗಲ. ನಿರ್ವಹಣೆ ಕಡಿಮೆ ಇರಲಿ ಅಂತ ಮಣ್ಣಿನ ಮೇಲೆ ಕಪ್ಪು ವೀಡ್ ಮ್ಯಾಟ್ (ಕಳೆ ತಡೆಯುವ ಬಟ್ಟೆ), ಅದರ ಮೇಲೆ 4 ಸೆಂ.ಮೀ. ದಪ್ಪ ಬಿಳಿ ಕಲ್ಲಿನ ಚೂರು ಹಾಕಿಸಿದ್ದು. ಒಂದೂವರೆ ವರ್ಷವಾಗಿದೆ. ಈಗಿನ ತೊಂದರೆಗಳು:

1. ಕಲ್ಲಿನ ಮಧ್ಯೆ ಎಲ್ಲೆಡೆ ಕಳೆ. ಜೇಕು ಮ್ಯಾಟನ್ನೇ ತೂತು ಮಾಡಿಕೊಂಡು ಬರುತ್ತಿದೆ.
2. 12 ಇಕ್ಸೋರಾ ಗಿಡಗಳಲ್ಲಿ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಯೂರಿಯಾ ಕೊಟ್ಟರೂ ಸುಧಾರಿಸಿಲ್ಲ. ಪಕ್ಕದ ಬೋಗನ್‌ವಿಲ್ಲಾಗೆ ಏನೂ ಆಗಿಲ್ಲ, ಆದರೆ ಹೂ ಕಡಿಮೆ.
3. ಡ್ರಿಪ್: ನೆಲದಿಂದ 3 ಮೀಟರ್ ಎತ್ತರದ ಟ್ಯಾಂಕ್, 16 ಎಂ.ಎಂ. ಪೈಪ್, ಗಂಟೆಗೆ 4 ಲೀಟರಿನ ಪ್ರೆಶರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ (ಒತ್ತಡ ಏರಿಳಿದರೂ ಒಂದೇ ಪ್ರಮಾಣದಲ್ಲಿ ನೀರು ಬಿಡುವಂಥದ್ದು) 40. ಮೊದಲ ಗಿಡಗಳ ಬುಡ ಕೆಸರು, ಕೊನೆಯವು ಒಣ.
4. ಕೂರುವ ಜಾಗದ ಕಲ್ಲುಹಾಸು ಅಲ್ಲಲ್ಲಿ ಕುಸಿದಿದೆ. ಸಂಜೆ ಐದಾದರೂ ಝಳ, ಕೂರಲು ಆಗುವುದಿಲ್ಲ.

ವಾರಕ್ಕೆ ಮೂರು ನಾಲ್ಕು ಗಂಟೆ ಕಳೆ ಕೀಳುವುದರಲ್ಲೇ ಹೋಗುತ್ತಿದೆ. ಎಲ್ಲಿಂದ ಶುರು ಮಾಡಲಿ?

ಮಣ್ಣುಮಿತ್ರ:

ಇಕ್ಸೋರಾದಿಂದ ಶುರು ಮಾಡಿ, ಏಕೆಂದರೆ ಉಳಿದ ಕೆಲಸದ ದಾರಿಯನ್ನು ಅದೇ ತೋರಿಸುತ್ತದೆ. ಆ ಬಿಳಿ ಕಲ್ಲುಗಳಲ್ಲಿ ಒಂದನ್ನು ತೊಳೆದು ಒರೆಸಿ, ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಅಮೃತಶಿಲೆ ಅಥವಾ ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗುಳ್ಳೆ ಸರಿಯಾಗಿ ಕಾಣದಿದ್ದರೆ ಕಲ್ಲನ್ನು ಮೊಳೆಯಿಂದ ಗೀರಿ, ಆ ಪುಡಿಯ ಮೇಲೆ ಹನಿ ಬಿಟ್ಟು ನೋಡಿ. ಏನೂ ಆಗದಿದ್ದರೆ ಬೆಣಚುಕಲ್ಲು ಇರಬಹುದು, ಅದರಿಂದ ಈ ತೊಂದರೆ ಬರುವುದಿಲ್ಲ.

ಇಕ್ಸೋರಾಗೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ) 5.5ರ ಆಸುಪಾಸು ಇದ್ದರೆ ಖುಷಿಯಾಗಿರುತ್ತದೆ. ಸುಣ್ಣದ ಕಲ್ಲಿನ ಪುಡಿ ಮಳೆ ನೀರಿನ ಜೊತೆ ಇಳಿದು ಬುಡದ ಪಿಎಚ್ 7 ದಾಟಿದರೆ ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದೂ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಆಗ ಹೊಸ ಎಲೆ ಹಳದಿ, ನರ ಹಸಿರು. ಸಾರಜನಕದ ಕೊರತೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ, ಅದೂ ನರ ಸಮೇತ. ಯೂರಿಯಾ ಕೆಲಸ ಮಾಡದ ಕಾರಣ ಇದೇ. ಇನ್ನು ಕೊಡಬೇಡಿ.

ಬುಡ ಸದಾ ಕೆಸರಾಗಿದ್ದರೂ ಬೇರಿಗೆ ಗಾಳಿ ಸಿಗದೆ ಇದೇ ಲಕ್ಷಣ ಬರುತ್ತದೆ. ಹಾಗಾಗಿ ಹಳದಿಯಾದ ಗಿಡಗಳು ಡ್ರಿಪ್ ಸಾಲಿನ ಮೊದಲ ಭಾಗದಲ್ಲೇ ಇವೆಯೇ, ಒಣಗಿದ ಕೊನೆಯಲ್ಲೂ ಇವೆಯೇ ಅಂತ ನೋಡಿ ತಿಳಿಸಿ.

ಹನಿಲೆಕ್ಕ:

ಡ್ರಿಪ್ ವಿಷಯ ನಾನು ಹೇಳುತ್ತೇನೆ. ಪೈಪಿನದು ತಪ್ಪಿಲ್ಲ. 40 ಡ್ರಿಪ್ಪರ್, ತಲಾ 4 ಲೀಟರ್, ಗಂಟೆಗೆ 160 ಲೀಟರ್. ಈ ಅಳತೆಯ ತೋಟದಲ್ಲಿ 16 ಎಂ.ಎಂ. ಪೈಪಿಗೆ ಅದು ಭಾರವಲ್ಲ. ತೊಂದರೆ ಇರುವುದು ಒತ್ತಡದಲ್ಲಿ. ನೀರಿನ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ, 3 ಮೀಟರಿಗೆ 0.3 ಬಾರ್ ಮಾತ್ರ. ಫಿಲ್ಟರ್ ಅದರಲ್ಲೂ ಸ್ವಲ್ಪ ತಿನ್ನುತ್ತದೆ. ಪ್ರೆಶರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ ಒಳಗೆ ರಬ್ಬರ್ ಪೊರೆ ಇರುತ್ತದೆ, ಅದು ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ 0.5ರಿಂದ 1 ಬಾರ್ ಬೇಕು. ಕಡಿಮೆ ಒತ್ತಡದಲ್ಲಿ ಒಂದು ಸುರಿಯುತ್ತದೆ, ಇನ್ನೊಂದು ತೊಟ್ಟಿಕ್ಕುವುದೂ ಇಲ್ಲ.

ಮೊದಲು ಅಳೆಯಿರಿ. ಸಾಲಿನ ಆರಂಭ, ಮಧ್ಯ, ಕೊನೆಯ ಡ್ರಿಪ್ಪರ್‌ಗಳ ಕೆಳಗೆ ಲೋಟ ಇಟ್ಟು 6 ನಿಮಿಷ ನೀರು ಬಿಡಿ. ಆರು ನಿಮಿಷ ಅಂದರೆ ಗಂಟೆಯ ಹತ್ತನೇ ಒಂದು ಭಾಗ, ಆದ್ದರಿಂದ ಪ್ರತಿ ಲೋಟದಲ್ಲಿ 400 ಮಿ.ಲೀ. ಇರಬೇಕು. ನಂತರ ಫಿಲ್ಟರ್ ಜಾಲರಿ ತೊಳೆದು, ಎಂಡ್ ಕ್ಯಾಪ್ (ಪೈಪಿನ ಕೊನೆಯ ಮುಚ್ಚಳ) ಬಿಚ್ಚಿ, ಸ್ವಚ್ಛ ನೀರು ಬರುವವರೆಗೆ ಹರಿಸಿ, ಮತ್ತೆ ಅಳೆಯಿರಿ. ಆಗಲೂ ವ್ಯತ್ಯಾಸ ಇದ್ದರೆ ಎರಡು ದಾರಿ. ಟ್ಯಾಂಕ್ ಒತ್ತಡದಲ್ಲೇ ನಡೆಯಬೇಕೆಂದರೆ ರಬ್ಬರ್ ಪೊರೆ ಇಲ್ಲದ ಸಾದಾ ಡ್ರಿಪ್ಪರ್‌ಗೆ ಬದಲಿಸಿ, ಪೈಪಿನ ಕೊನೆಯನ್ನು ತಂದು ಆರಂಭಕ್ಕೇ ಜೋಡಿಸಿ ಸುತ್ತು ಮಾಡಿ. ಎರಡೂ ಕಡೆಯಿಂದ ನೀರು ಬರುವುದರಿಂದ ಕೊನೆ ಅನ್ನುವುದೇ ಇರುವುದಿಲ್ಲ. ಈಗಿನ ಡ್ರಿಪ್ಪರ್‌ಗಳೇ ಬೇಕೆಂದರೆ 1 ಬಾರ್ ಕೊಡುವ ಸಣ್ಣ ಬೂಸ್ಟರ್ ಪಂಪ್ ಹಾಕಬೇಕು.

ಮುಂದೆ ಟೈಮರ್ ಕೊಳ್ಳುವುದಿದ್ದರೆ ಒಳಗೆ ಬಾಲ್ ವಾಲ್ವ್ (ತೂತಿರುವ ಗುಂಡು ತಿರುಗಿ ತೆರೆಯುವ ವಾಲ್ವ್) ಇರುವುದನ್ನೇ ಕೇಳಿ ತನ್ನಿ. ಸಾಮಾನ್ಯ ಸೊಲೆನಾಯ್ಡ್ (ವಿದ್ಯುತ್ಕಾಂತದಿಂದ ನಡೆಯುವ) ವಾಲ್ವ್ ತೆರೆಯಲಿಕ್ಕೂ ಒತ್ತಡ ಬೇಕು. ಟ್ಯಾಂಕ್ ನೀರಿಗೆ ಅದು ಕೈಕೊಡುತ್ತದೆ.

ಬೋಗನ್‌ವಿಲ್ಲಾ ಹೂ ಬಿಡದಿರಲು ಅತಿ ನೀರೇ ಕಾರಣ ಇರಬಹುದು. ನೀರು ಬೇಡುವ ಗಿಡಗಳಿಗೆ ಒಂದು ಸಾಲು, ಒಣ ಸಹಿಸುವವಕ್ಕೆ ಪ್ರತ್ಯೇಕ ವಾಲ್ವ್ ಇರುವ ಇನ್ನೊಂದು ಸಾಲು ಮಾಡಿ. ಒಂದೇ ವಾಲ್ವಿನಲ್ಲಿ ಎರಡೂ ಇದ್ದರೆ ಯಾವುದಾದರೂ ಒಂದು ನರಳಲೇಬೇಕು.

ಸಂಜೆನೆರಳು:

ವಿನೆಗರ್ ಬಿಟ್ಟ ಕೂಡಲೇ ನೊರೆ ಬಂತು. ಹಳದಿ ಗಿಡಗಳು ಒದ್ದೆ ಕಡೆಯೂ ಇವೆ, ಒಣ ಕಡೆಯೂ ಇವೆ. ಅಂದರೆ ಕಲ್ಲು ತೆಗೆಯಲೇಬೇಕೇ? ತೆಗೆದರೆ ಕಳೆ ಇನ್ನೂ ಹೆಚ್ಚಾಗುವುದಿಲ್ಲವೇ?

ಮಣ್ಣುಮಿತ್ರ:

ಒಣ ಕಡೆಯೂ ಹಳದಿ ಇದೆ ಅಂದರೆ ಕಾರಣ ಕೆಸರೊಂದೇ ಅಲ್ಲ, ಸುಣ್ಣದ ಕಲ್ಲೂ ಇದೆ. ಗಿಡ ಇರುವ ಪಾತಿಗಳಿಂದ ತೆಗೆಯಲೇಬೇಕು. ತೆಗೆದ ಮೇಲೆ ಬುಡದ ಮಣ್ಣಿಗೂ ವಿನೆಗರ್ ಬಿಟ್ಟು ನೋಡಿ. ಮೇಲಿನ ಒಂದೆರಡು ಸೆಂ.ಮೀ. ಮಾತ್ರ ನೊರೆ ಬಂದರೆ ಆ ಪದರ ಕೆರೆದು ತೆಗೆಯಿರಿ. ಒಂದು ಗೇಣು ಆಳದ ಮಣ್ಣಿನಲ್ಲೂ ನೊರೆ ಬಂದರೆ ನಿಮ್ಮ ನೆಲವೇ ಸುಣ್ಣದ್ದು. ಹಾಗಿದ್ದರೆ ಇಕ್ಸೋರಾವನ್ನು ಕುಂಡಕ್ಕೆ ಎತ್ತಿ, ಆ ಜಾಗಕ್ಕೆ ಸುಣ್ಣ ಸಹಿಸುವ ಗಿಡ ಹಾಕಿ. ಮಣ್ಣಿಗೆ ಒಗ್ಗದ ಗಿಡಕ್ಕೆ ವರ್ಷವಿಡೀ ಔಷಧ ಹೊಡೆಯುವುದು ಕಡಿಮೆ ನಿರ್ವಹಣೆಯ ತೋಟದ ಲಕ್ಷಣವೇ ಅಲ್ಲ.

ಸದ್ಯದ ಚಿಕಿತ್ಸೆ: 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ. ಸಿಟ್ರಿಕ್ ಆಮ್ಲವನ್ನು ಮೊದಲು ಕರಗಿಸಿ, ಆಗಲೇ ಬಳಸಿ. ನಿಂತ ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಪ್ರಯೋಜನವಿಲ್ಲ. ಬಿಸಿಲಿಳಿದ ಮೇಲೆ ಎಲೆಗಳ ಎರಡೂ ಬದಿಗೆ ಸಿಂಪಡಿಸಿ. 10ರಿಂದ 15 ದಿನಕ್ಕೊಮ್ಮೆಯಂತೆ ಮೂರು ಸಲ ಸಾಕು. ಕಲ್ಲುಹಾಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಅಲ್ಲಿ ಗೋಣಿ ಮುಚ್ಚಿಕೊಳ್ಳಿ. ಫೆರಸ್ ಸಲ್ಫೇಟನ್ನು ಸುಣ್ಣದ ಮಣ್ಣಿಗೆ ಹಾಕಿದರೆ ಅದೂ ಅಲ್ಲೇ ಕಟ್ಟಿಕೊಳ್ಳುತ್ತದೆ. ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ಕೀಲೇಟ್ (ಕಬ್ಬಿಣವನ್ನು ಮಣ್ಣಿನಲ್ಲಿ ಕಟ್ಟಿಕೊಳ್ಳದಂತೆ ಹಿಡಿದಿಡುವ ಸಂಯುಕ್ತ) ರೂಪದ ಕಬ್ಬಿಣ ಬೇಕು, ಇಡಿಟಿಎ ಅಲ್ಲ. ಪ್ರಮಾಣ ಪೊಟ್ಟಣದ ಮೇಲೆ ಇರುವಷ್ಟೇ.

ಹೊದಿಕೆ:

ಕಳೆ ಬಗ್ಗೆ. ಮ್ಯಾಟ್ ಕೆಳಗಿನ ಕಳೆಯನ್ನು ಕೆಲಕಾಲ ತಡೆಯುತ್ತದೆ, ಆದರೆ ಈಗ ಬರುತ್ತಿರುವ ಕಳೆಯಲ್ಲಿ ಹೆಚ್ಚಿನದು ಮೇಲಿನಿಂದ ಬಂದದ್ದು. ಗಾಳಿಯ ಧೂಳು, ಉದುರಿದ ಎಲೆ ಕಲ್ಲಿನ ಸಂದಿಯಲ್ಲಿ ಕೊಳೆತು ತೆಳು ಪದರದ ಮಣ್ಣಾಗುತ್ತದೆ. ಬೀಜ ಅಲ್ಲೇ ಮೊಳೆತು ಬೇರನ್ನು ಬಟ್ಟೆಯ ಎಳೆಗಳೊಳಗೆ ಇಳಿಸುತ್ತದೆ. ಎಳೆದರೆ ಬಟ್ಟೆಯೂ ಹರಿಯುತ್ತದೆ. ಕಲ್ಲು ಇರುವವರೆಗೆ ಆ ಮಣ್ಣನ್ನು ಜರಡಿ ಹಿಡಿದು ತೆಗೆಯಬೇಕು, ಅದು ಮುಗಿಯದ ಕೆಲಸ.

ಇಡೀ ತೋಟವನ್ನು ಒಟ್ಟಿಗೆ ಬಿಚ್ಚಬೇಡಿ. 2 ಮೀಟರ್ ಪಟ್ಟಿ ಬಿಚ್ಚಿ, ಆ ಪಟ್ಟಿ ಪೂರ್ತಿ ಮುಗಿಸಿ, ಮುಂದಿನದಕ್ಕೆ ಹೋಗಿ. ಕಲ್ಲು ಬಾಚಿ ತೆಗೆದು, ಮ್ಯಾಟ್ ಕತ್ತರಿಸಿ ಸುರುಳಿ ಸುತ್ತಿ. ಮಣ್ಣನ್ನು ಅಗೆದು ಮಗುಚಬೇಡಿ, ಹಾಗೆ ಮಾಡಿದರೆ ಮಲಗಿರುವ ಬೀಜಗಳೆಲ್ಲ ಬೆಳಕಿಗೆ ಬರುತ್ತವೆ. ಜೇಕು ಇರುವಲ್ಲಿ ಮಾತ್ರ ಕೈಗುದ್ದಲಿಯಿಂದ 15–20 ಸೆಂ.ಮೀ. ಆಳದವರೆಗೆ ಗಡ್ಡೆ ಹುಡುಕಿ. ಒಂದು ಗಡ್ಡೆಗೆ ದಾರದಂತಹ ಬೇರಿನಲ್ಲಿ ಇನ್ನೆರಡು ಮೂರು ಅಂಟಿರುತ್ತವೆ. ದಾರ ತುಂಡಾಯಿತೆಂದರೆ ಒಳಗೆ ಉಳಿದದ್ದು ಚಿಗುರುತ್ತದೆ, ಆದ್ದರಿಂದ ಎಳೆಯದೆ ಮಣ್ಣು ಸಡಿಲಿಸುತ್ತಾ ಹಿಂಬಾಲಿಸಿ. ಆಮೇಲೂ ಬರುವ ಚಿಗುರನ್ನು ಎರಡು ವಾರಕ್ಕೊಮ್ಮೆ ತಪ್ಪದೆ ಕಿತ್ತರೆ ಹೊಸ ಗಡ್ಡೆ ಕಟ್ಟಲು ಅದಕ್ಕೆ ಕಸುವು ಸಿಗುವುದಿಲ್ಲ. ಜೇಕಿಗೆ ನೆರಳು ಆಗುವುದಿಲ್ಲ, ಅದಕ್ಕೇ ಮುಂದಿನ ಹೆಜ್ಜೆ ಮುಖ್ಯ.

ಬರಿದಾದ ಮಣ್ಣಿನ ಮೇಲೆ ಮರದ ಚೂರು ಅಥವಾ ತೊಗಟೆ 7 ಸೆಂ.ಮೀ. ಹರಡಿ. ನಿಮ್ಮ ಪಾತಿಗಳು ಒಟ್ಟು 30 ಚದರ ಮೀಟರ್ ಅಂದುಕೊಂಡರೆ 2.1 ಘನ ಮೀಟರ್ ಬೇಕಾಗುತ್ತದೆ. ಕಾಂಡದ ಸುತ್ತ ಒಂದು ಅಂಗೈ ಅಗಲ ಬಿಡಿ, ತಾಗಿಸಿದರೆ ಬುಡ ಕೊಳೆಯುತ್ತದೆ. ಮರದ ಚೂರು ಸಾರಜನಕ ಹೀರುತ್ತದೆ ಎಂಬ ಭಯ ಬೇಡ. ಮೇಲೆ ಹರಡಿದಾಗ ಮಣ್ಣು ತಾಗುವ ತೆಳು ಪದರದಲ್ಲಿ ಮಾತ್ರ ಹಾಗಾಗುತ್ತದೆ, ಮಣ್ಣಿಗೆ ಬೆರೆಸಿದರೆ ತೊಂದರೆ. ಗೋಡೆಗೆ ತಾಗಿ ಹಾಕಬೇಡಿ, ಗೆದ್ದಲಿಗೆ ದಾರಿಯಾದೀತು.

ಹೊದಿಕೆಯ ನಡುವೆ ನೆಲ ಮುಚ್ಚುವ ಗಿಡ ನೆಡಿ. ಬಿಸಿಲಿಗೆ ಪಿಂಟೋ ಶೇಂಗಾ, ನೆರಳಿಗೆ ಮೊಂಡೋ ಹುಲ್ಲು. 30 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ 11 ಸಸಿ. ಬೇಗ ಹಬ್ಬುತ್ತದೆ ಅಂತ ವೆಡೇಲಿಯಾ ಮಾತ್ರ ತರಬೇಡಿ, ಅದು ಬೇಲಿ ದಾಟಿ ಹೋಗುವ ಆಕ್ರಮಣಕಾರಿ ಬಳ್ಳಿ.

ಹಾಸುಗಲ್ಲು:

ಕೂರುವ ಜಾಗ ಕುಸಿಯಲು ಕಾರಣ ಅಡಿಪಾಯ. ಬರೀ ಮರಳಿನ ಮೇಲೆ ಕಲ್ಲು ಕೂರಿಸಿದ್ದಾರೆಯೇ ಅಂತ ಒಂದು ಕಲ್ಲು ಎತ್ತಿ ನೋಡಿ. ಸರಿಯಾದ ಕ್ರಮ: ಕಲ್ಲಿನ ದಪ್ಪಕ್ಕಿಂತ 13 ಸೆಂ.ಮೀ. ಹೆಚ್ಚು ಆಳ ತೆಗೆದು, ತಳ ಗಟ್ಟಿಯಾಗಿ ಬಡಿದು, ಪುಡಿ ಸಮೇತದ ಜಲ್ಲಿಯನ್ನು 5 ಸೆಂ.ಮೀ.ಯಂತೆ ಎರಡು ಪದರ ಹಾಕಿ. ಪ್ರತಿ ಪದರವನ್ನೂ ನೀರು ಚಿಮುಕಿಸಿ ದಮ್ಮಸ್ಸು ಮಾಡಿ. ಮೇಲೆ 3 ಸೆಂ.ಮೀ. ಮರಳು, ಅದರ ಮೇಲೆ ಕಲ್ಲು. ಮನೆಯಿಂದ ಆಚೆಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು. ಅಂಚಿಗೆ ಗಟ್ಟಿ ಕಟ್ಟೆ ಇಲ್ಲದಿದ್ದರೆ ಮರಳು ಪಕ್ಕಕ್ಕೆ ಸರಿದು ಮತ್ತೆ ಕುಸಿಯುತ್ತದೆ. ಬಿಚ್ಚಿದ ಮ್ಯಾಟ್‌ನಲ್ಲಿ ಹರಿಯದ ಭಾಗವನ್ನು ಜಲ್ಲಿಯ ಕೆಳಗೆ ಹಾಸಿ, ಜಲ್ಲಿ ಮಣ್ಣಿನೊಳಗೆ ಇಳಿಯುವುದಿಲ್ಲ. ಅದರ ನಿಜವಾದ ಉಪಯೋಗ ಇಲ್ಲೇ.

ಝಳಕ್ಕೆ ಚಪ್ಪರ ಕಟ್ಟಿಸುವ ಮೊದಲು ಯೋಚಿಸಿ. ಸಂಜೆ ಐದರ ಬಿಸಿಲು ಓರೆಯಾಗಿ ಪಶ್ಚಿಮದಿಂದ ಬರುತ್ತದೆ, ತಲೆ ಮೇಲಿನ ಚಪ್ಪರ ಅದನ್ನು ತಡೆಯುವುದಿಲ್ಲ. ಪಶ್ಚಿಮ ಬದಿಗೆ 2 ಮೀಟರ್ ಎತ್ತರದ ಮರೆ ಬೇಕು. ಕಾಮಿನಿ ಗಿಡಗಳನ್ನು 75 ಸೆಂ.ಮೀ. ಅಂತರದಲ್ಲಿ, ಕುರ್ಚಿಯಿಂದ 1 ಮೀಟರ್ ದೂರ ಸಾಲಾಗಿ ಹಾಕಿ. ಬೆಳವಣಿಗೆ ನಿಧಾನ, ಹಾಗಾಗಿ ಕತ್ತರಿಯ ಕೆಲಸ ವರ್ಷಕ್ಕೆ ಎರಡು ಸಲ ಸಾಕು, ಹೂವಿನ ಪರಿಮಳ ಸಂಜೆಗೆ ಹೇಳಿ ಮಾಡಿಸಿದ್ದು. ಎತ್ತರ ಬರುವವರೆಗೆ ಬಿದಿರು ಚಾಪೆ ಕಟ್ಟಿ. ಬಂಗಾರದ ಬಣ್ಣದ ಡುರಾಂಟಾ ಬೇಡ, ಬೆಳೆಯುವ ಕಾಲದಲ್ಲಿ ಪದೇ ಪದೇ ಕತ್ತರಿಸುತ್ತಲೇ ಇರಬೇಕಾಗುತ್ತದೆ.

ಸಂಜೆನೆರಳು:

ಎಲ್ಲರಿಗೂ ಧನ್ಯವಾದ. ತೆಗೆದ ಬಿಳಿ ಕಲ್ಲನ್ನು ಏನು ಮಾಡಲಿ? ಎಸೆಯಲು ಮನಸ್ಸಿಲ್ಲ.

ಮಣ್ಣುಮಿತ್ರ:

ನಡೆಯುವ ದಾರಿಗೆ ಹಾಕಿ, ಆದರೆ ಇಕ್ಸೋರಾ ಪಾತಿಗಿಂತ ತಗ್ಗಿನ ಕಡೆ ಮಾತ್ರ. ಎರಡು ಬದಿಗೂ ಕಟ್ಟೆ ಇರಲಿ, ಮಳೆ ನೀರು ದಾರಿಯಿಂದ ಪಾತಿಗೆ ಹರಿಯದಿರಲಿ. ಹಾಕುವ ಮೊದಲು ಜಾಲರಿಯಲ್ಲಿ ಸುರಿದು ತೊಳೆಯಿರಿ, ಬೀಜ ಮೊಳೆಯುವ ಆ ಧೂಳೆಲ್ಲ ಹೋಗುತ್ತದೆ. ತೊಳೆದ ನೀರನ್ನೂ ಇಕ್ಸೋರಾ ಬುಡಕ್ಕೆ ಬಿಡಬೇಡಿ.