ಅಪ್‌ಡೇಟ್: ಅಪ್ಪಂದಿರ ವಾರ್ಷಿಕ ರೋಡ್ ಟ್ರಿಪ್‌ಗೆ ಮೂರು ಕಾರು

ಒಂಬತ್ತು ಜನ ಅಪ್ಪಂದಿರಿಗೆ ಎರಡು ಕಾರು ಸಾಕಾ, ಮೂರು ಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದಗಳು. ಮೂರೇ ಅಂತ ತೀರ್ಮಾನವಾಗಿದೆ.

ಕಾರಣ ತೂಕ. ಕಾರಿನ ಗರಿಷ್ಠ ಒಟ್ಟು ತೂಕದಲ್ಲಿ (ಜನ, ಸಾಮಾನು ಎಲ್ಲ ಸೇರಿ ಇರಬಹುದಾದ ಮಿತಿ) ಖಾಲಿ ಕಾರಿನ ತೂಕ ಕಳೆದರೆ ಎಷ್ಟು ಹೇರಬಹುದು ಅಂತ ಸಿಗುತ್ತದೆ. ತಲಾ 80 ಕೆಜಿಯಂತೆ ಐದು ಜನರೇ 400 ಕೆಜಿ. ಸಣ್ಣ ಕಾರುಗಳಲ್ಲಿ ಆಮೇಲೆ ಬ್ಯಾಗಿಗೆ ಹೆಚ್ಚೇನೂ ಉಳಿಯುವುದಿಲ್ಲ. ಮೂರು ಮೂರು ಜನ ಕೂತರೆ 240 ಕೆಜಿಗೆ ಮುಗಿಯಿತು, ಹಿಂದಿನ ಸೀಟಲ್ಲಿ ಒಬ್ಬರು ಆರಾಮಾಗಿ ನಿದ್ದೆಯನ್ನೂ ಮಾಡಬಹುದು. ಎರಡು ಗಂಟೆಗೊಮ್ಮೆ ಡ್ರೈವರ್ ಬದಲಾಗಬೇಕಾದರೆ ಆ ನಿದ್ದೆ ಬಹಳ ಮುಖ್ಯ.

ಟೈರ್ ಗಾಳಿಯನ್ನು ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಓಡಿದ ಮೇಲೆ ಒತ್ತಡ ಏರಿರುತ್ತದೆ. ಆಗ ಇಳಿಸಿದರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರ್‌ನಲ್ಲಿ ಪೂರ್ತಿ ಲೋಡಿಗೆ ಬೇರೆ ಅಂಕಿ ಇದ್ದರೆ, ಲೋಡ್ ತುಂಬಿದಾಗ ಅದನ್ನೇ ಇಡಿ. ಸ್ಟೆಪ್ನಿಯನ್ನೂ ನೋಡಿ. ಅಲಾಯ್ ವೀಲ್‌ಗೆ ಲಾಕ್ ನಟ್ (ಕಳ್ಳತನ ತಡೆಯುವ ನಟ್) ಇದ್ದರೆ ಅದನ್ನು ಬಿಚ್ಚುವ ವಿಶೇಷ ಕೀ ಕಾರಲ್ಲೇ ಇರಬೇಕು, ಇಲ್ಲದಿದ್ದರೆ ಜ್ಯಾಕ್, ಸ್ಪ್ಯಾನರ್ ಎರಡೂ ಇದ್ದು ಪ್ರಯೋಜನವಿಲ್ಲ.

ಭಾರದ ಬ್ಯಾಗು ಡಿಕ್ಕಿಯಲ್ಲಿ ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡು. ಹಿಂಭಾಗ ತಗ್ಗಿದರೆ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಲೆವೆಲಿಂಗ್ ಡಯಲ್ ತಿರುಗಿಸಿ ಬೆಳಕನ್ನು ಕೆಳಕ್ಕಿಳಿಸಿ.

ಮೂರು ಕಾರೂ ಸಾಲಾಗಿ ಅಂಟಿಕೊಂಡು ಹೋಗುವ ಯೋಚನೆ ಕೈಬಿಟ್ಟಿದ್ದೇವೆ. ಮುಂದಿನವನನ್ನು ಹಿಡಿಯುವ ಆತುರದಲ್ಲೇ ಕೆಟ್ಟ ಓವರ್‌ಟೇಕ್‌ಗಳಾಗುತ್ತವೆ. ಬದಲಿಗೆ ಸೇರುವ ಜಾಗಗಳನ್ನು ಮೊದಲೇ ಗುರುತು ಮಾಡಿ, ಆ ಭಾಗದ ಮ್ಯಾಪನ್ನು ಎಲ್ಲರ ಮೊಬೈಲಿಗೂ ಆಫ್‌ಲೈನ್ ಇಳಿಸಿಕೊಳ್ಳುತ್ತೇವೆ.