ದೆವ್ವದ ಪತ್ತೇದಾರಿ ಕತೆಗೆ ಚಿತ್ರ ಬರೆಯುವಾಗ ದೆವ್ವವನ್ನು ಬಿಡಿಸಬೇಕಾ, ಬೇಡವಾ?

ಹೊಸನಗರದ_ಹೈದ:
ಕಾನನ್ ಡಾಯ್ಲ್‌ನ ಷರ್ಲಾಕ್ ಹೋಮ್ಸ್ ಪತ್ತೇದಾರಿ, ಬಾಸ್ಕರ್‌ವಿಲ್ ನಾಯಿ ಕತೆ, 2009ರಲ್ಲಿ ಗ್ರಾಫಿಕ್ ನಾವೆಲ್ ಆಗಿ ಬಂತಲ್ಲ, ಇಯಾನ್ ಎಡ್ಜಿಂಟನ್ ಬರೆದು ಕಲ್ಬರ್ಡ್ ಚಿತ್ರ ಬಿಡಿಸಿದ್ದು, ಅದನ್ನು ಓದಿದ ಮೇಲೆ ನನಗೂ ಹುಚ್ಚು ಹಿಡಿದಿದೆ. ನಮ್ಮ ಕಡೆಯ ಕೊಳ್ಳಿದೆವ್ವದ ಮೇಲೆ ಒಂದು ಪತ್ತೇದಾರಿ ಕತೆ ಬರೆದಿದ್ದೆ, ಅದನ್ನೇ ಚಿತ್ರಕ್ಕೆ ಇಳಿಸುತ್ತಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಒಂದೇ ಕಡೆ. ಬರಹದಲ್ಲಿ "ಗದ್ದೆ ಅಂಚಲ್ಲಿ ಬೆಂಕಿ ನಡ್ಕೊಂಡು ಹೋಯ್ತು" ಅಂತ ಒಬ್ಬ ಹೇಳಿದರೆ ಓದುವವರು ನಂಬಬಹುದು, ಬಿಡಬಹುದು. ಚಿತ್ರದಲ್ಲಿ ಬೆಂಕಿ ಬಿಡಿಸಿದರೆ ಅದು ಇದ್ದಿದ್ದು ನಿಜ ಅಂತಲೇ ಆಯ್ತು. ಬಿಡಿಸದಿದ್ದರೆ ಹೆದರಿಕೆಯೇ ಇಲ್ಲ. ಏನು ಮಾಡೋದು ಮಾರಾಯ್ರೆ?

ಮಸಿಬಾಟ್ಲಿ:
ಬಿಡಿಸಿ. ಆದರೆ ಯಾರ ಕಣ್ಣಲ್ಲಿ ಕಂಡಿದ್ದು ಅಂತ ಗೆರೆಯಲ್ಲೇ ಗೊತ್ತಾಗಬೇಕು. ಪತ್ತೇದಾರ ತಾನೇ ನೋಡಿದ್ದಕ್ಕೆಲ್ಲ ನೆಟ್ಟಗಿನ ಚೌಕಟ್ಟು, ಗಟ್ಟಿ ಗೆರೆ. ಊರವರು ಹೇಳಿದ್ದಕ್ಕೆ ಚೌಕಟ್ಟೇ ಬೇಡ, ನೀರು ಜಾಸ್ತಿ ಹಾಕಿದ ಮಸಿ, ಅಂಚು ಹರಡಿಕೊಂಡಿರಲಿ. ಅದೇ ಬೆಂಕಿಯನ್ನು ಮೂರು ಜನ ಹೇಳಿದರೆ ಮೂರು ಥರ ಬಿಡಿಸಿ, ಒಬ್ಬನದು ಆಳೆತ್ತರ, ಇನ್ನೊಬ್ಬನದು ಅಡಿಕೆ ಮರದಷ್ಟು. ಯಾರೋ ಸುಳ್ಳು ಹೇಳ್ತಿದ್ದಾರೆ ಅಂತ ಓದುವವರೇ ಹಿಡೀತಾರೆ.

ಇನ್ನೊಂದು, ಹೆದರಿಸುವ ಚಿತ್ರ ಎಡಗಡೆ ಪುಟದಲ್ಲಿರಲಿ. ಹಾಳೆ ತಿರುಗಿಸಿದ ಮೇಲೇ ಅದು ಕಾಣೋದು. ಬಲಗಡೆ ಇಟ್ಟರೆ ಪಕ್ಕದ ಪುಟ ಓದುವಾಗಲೇ ಕಣ್ಣು ಅಲ್ಲಿಗೆ ಜಾರುತ್ತೆ, ಮಜಾ ಹೋಯ್ತು. (ಮೊಬೈಲಲ್ಲಿ ಓದೋರಿಗೆ ಇದೆಲ್ಲ ಲೆಕ್ಕಕ್ಕಿಲ್ಲ ಬಿಡಿ.)

ತೀರ್ಥಹಳ್ಳಿ_ಅಕ್ಕ:
ಚಿತ್ರದ ವಿಷಯ ನನಗೆ ಗೊತ್ತಾಗಲ್ಲ ತಮ್ಮಾ, ಆದರೆ ಕೊನೆಗೆ ಆ ಬೆಂಕಿ ಏನು ಅಂತ ಹೇಳ್ತೀಯ? ಡಾಯ್ಲ್ ದೆವ್ವದ ಹಾಗೆ ಕಾಣಲಿ ಅಂತ ನಾಯಿಯ ಮೂತಿಗೆ ಕತ್ತಲಲ್ಲಿ ಹೊಳೆಯುವ ರಂಜಕ ಬಳಿಸಿದ, 1902ರಲ್ಲೇ ಪುಸ್ತಕವಾದ ಕತೆ, ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಬೇಡಿ. ನಿಜವಾದ ಬಿಳಿ ರಂಜಕ ಬಳಿದರೆ ಪಾಪ ನಾಯಿಯ ಚರ್ಮವೇ ಸುಟ್ಟುಹೋಗುತ್ತೆ. ನೀನು ಹಾಗೆ ಮಾಡಬೇಡ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಹೊಳೆಯುವ ಅಣಬೆ ನಮ್ಮ ಘಟ್ಟದಲ್ಲೇ ಇದೆ, ಆದರೆ ಅದರ ಬೆಳಕು ಮಂಕು ಹಸಿರು, ಇದ್ದಲ್ಲೇ ಇರುತ್ತೆ. ನಡೆಯುವ ಬೆಂಕಿ ಬೇಕಾದರೆ ಹತ್ತುಮೀನು, ಅಂದರೆ ಹೊಸನೀರಿಗೆ ಎದುರಾಗಿ ಹತ್ತಿ ಬರುವ ಮೀನು, ಕಡಿಯೋಕೆ ಹೋಗುವವರನ್ನು ತಗೋ. ಮೊದಲ ಮಳೆಗೆ ಹಳ್ಳದ ನೀರು ಗದ್ದೆಗೆ ನುಗ್ಗಿದ ರಾತ್ರಿ, ಒಂದು ಕೈಲಿ ಬೆಳಕು, ಇನ್ನೊಂದರಲ್ಲಿ ಕತ್ತಿ, ಸದ್ದಿಲ್ಲದೆ ಬಗ್ಗಿ ನಡೀತಾರೆ. ದೂರದಿಂದ ಬೆಳಕೊಂದೇ ಕಾಣೋದು, ಆಳು ಕಾಣಲ್ಲ. ಅವರ ನಡುವೆ ಕೊಲೆಗಾರ ಒಬ್ಬ ಸೇರಿಕೊಂಡರೆ?

ಅಚ್ಚುಮೊಳೆ:
ಎಲ್ಲ ಸರಿ, ಅಕ್ಷರ ಎಲ್ಲಿ ಕೂರಿಸ್ತೀರಿ? ಇಂಗ್ಲಿಷ್ ಕಾಮಿಕ್ಸ್ ನೋಡಿ ಮಾತಿನ ಗುಳ್ಳೆ ಅಳೆಯಬೇಡಿ. ಅವರದು ಸಾಮಾನ್ಯವಾಗಿ ದೊಡ್ಡಕ್ಷರ, ಒಂದೇ ಎತ್ತರ. ನಮ್ಮದರಲ್ಲಿ ಒತ್ತಕ್ಷರ ಕೆಳಗಿಳಿಯುತ್ತೆ, ಸಾಲು ಹತ್ತಿರ ಮಾಡಿದರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಮೊದಲು ಮಾತು ಬರೆದು, ಗುಳ್ಳೆ ಹಾಕಿ, ಉಳಿದ ಜಾಗದಲ್ಲಿ ಚಿತ್ರ ಬಿಡಿಸಿ.

ಹೊಸನಗರದ_ಹೈದ:
ಅಕ್ಕಾ, ಹತ್ತುಮೀನು ನಾನು ತಗೊಂಡೆ, ಕೇಳದೆ! ಮಸಿಬಾಟ್ಲಿಯವರೇ, ಒಂದು ಅನುಮಾನ. ಕೊಲೆಗಾರನೇ ಸಾಕ್ಷಿ ಹೇಳುವಾಗ ಚೌಕಟ್ಟು ಹಾಕಲೋ ಬೇಡವೋ?

ಮಸಿಬಾಟ್ಲಿ:
ಅವನಿಗೂ ಹಾಕಬೇಡಿ. ಆದರೆ ಅವನ ಬೆಂಕಿಯ ಕೆಳಗೆ ನೀರಲ್ಲಿ ಪ್ರತಿಬಿಂಬ ಬಿಡಿಸಬೇಡಿ. ಎಷ್ಟು ಜನ ಗಮನಿಸ್ತಾರೆ ನೋಡೋಣ.